ಕಂಸದೊಳಗಿನ ಅಕ್ಷರ

ಶಾಸನದ ಪಾಠ ಕೈಗೆ ಬಂದರೆ ನಾನು ಮೊದಲು ನೋಡುವುದು ಚೌಕ ಕಂಸಗಳನ್ನು. ಓದಿದವರು ಎಲ್ಲಿ ತಡವರಿಸಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಸೀಮೆಗೆ ಮುಖ್ಯ ಆಕರ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ. ಅದು ಕೋಲಾರ ಜಿಲ್ಲೆಯ ಸಂಪುಟ; ಚಿಕ್ಕಬಳ್ಳಾಪುರ ಅದರಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಬರಹವನ್ನೆಲ್ಲ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ತಾಲ್ಲೂಕಿಗೊಂದು ಕ್ರಮಸಂಖ್ಯೆ. ಸವೆದು ಹೋದ ಕಡೆ ರೈಸ್ ಚುಕ್ಕಿ ಸಾಲು ಬಿಟ್ಟಿದ್ದಾರೆ. ಊಹಿಸಿ ತುಂಬಿಬಿಡುವುದಕ್ಕಿಂತ ಆ ಚುಕ್ಕಿಗಳ ಮೇಲೆ ನನಗೆ ಹೆಚ್ಚು ಗೌರವ.

ಎಪಿಗ್ರಾಫಿಯಾ ಇಂಡಿಕಾದ ಪದ್ಧತಿ ಇನ್ನೂ ಬಿಗಿ. ಮಸುಕಾದ ಅಕ್ಷರ ಚೌಕ ಕಂಸದೊಳಗೆ. ಕೆತ್ತಿದವನ ತಪ್ಪಿಗೆ ತಿದ್ದುಪಡಿ ದುಂಡು ಕಂಸದೊಳಗೆ. ಕಲ್ಲಿನಲ್ಲಿ ಇಲ್ಲವೇ ಇಲ್ಲದ ಅಕ್ಷರ ಸೇರಿಸಿದರೆ ಚೌಕ ಕಂಸದ ಜೊತೆಗೆ ನಕ್ಷತ್ರ ಚಿಹ್ನೆ.

ಒಂದು ಅಂಕಿಯಿಂದ ಏನಾದೀತು? ಉದಾಹರಣೆಗೆಂದು ನಾನೇ ಕಟ್ಟಿದ ಸಾಲು: ‘ಶಕವರುಷ 12[7]4 ನಂದನ ಸಂವತ್ಸರ’. ಏಳು ಎಂಬುದು ಓದುಗನ ಅಂದಾಜು. ಅದು ಒಂದೂ ಆಗಿರಬಹುದು. ಸಂವತ್ಸರದ ಹೆಸರು ನೋಡಿ ತೀರ್ಮಾನಿಸೋಣವೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶಕ 1214 ಕೂಡ ನಂದನವೇ. ಆಗ ಕಲ್ಲು ಕ್ರಿ.ಶ. 1352ರ ವಿಜಯನಗರ ಕಾಲದ್ದೋ, 1292ರ ಹೊಯ್ಸಳರ ಕಾಲದ್ದೋ? ತಿಥಿ, ವಾರ, ಗ್ರಹಣ, ಲಿಪಿಯ ರೂಪ ಎಲ್ಲವನ್ನೂ ಕೂಡಿಸಿ ನೋಡಬೇಕು. ಲಿಪಿಯೂ ಸುಲಭವಲ್ಲ: ಪಕಾರದ ತಲೆ ತೆರೆದಿರುತ್ತದೆ, ವಕಾರದ್ದು ಮುಚ್ಚಿರುತ್ತದೆ. ಮಳೆಗಾಳಿಗೆ ಆ ಮೇಲ್ಗೆರೆ ಅಳಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಇಷ್ಟು ಎಚ್ಚರದಿಂದ ಹಾಕಿದ ಕಂಸವನ್ನು ಸ್ಥಳಪುರಾಣದ ಕರಪತ್ರದಲ್ಲೂ ಜಾತ್ರೆಯ ವಿಶೇಷಾಂಕದಲ್ಲೂ ಸಲೀಸಾಗಿ ಕಿತ್ತುಹಾಕುತ್ತಾರೆ. ಅಲ್ಲಿಂದ ಮುಂದೆ 1274 ಎಂಬುದು ಕಲ್ಲೇ ಹೇಳಿದ ಮಾತಾಗುತ್ತದೆ. ಅದನ್ನು ನಂಬಿ ಊರಿನ ವಯಸ್ಸು ಎಣಿಸುತ್ತಾರೆ. ಶಾಸನ ಉಲ್ಲೇಖಿಸುವವರು ಕಂಸವನ್ನೂ ಅಕ್ಷರದಷ್ಟೇ ಶ್ರದ್ಧೆಯಿಂದ ನಕಲು ಮಾಡಬೇಕು.

ರೈಸ್ ಅವರ ಇಂಗ್ಲಿಷ್ ಅನುವಾದವನ್ನು ಉದ್ಧರಿಸುವ ನಮ್ಮ ಕಾಲೇಜು ಹುಡುಗರಿಗೂ ಇದೇ ಮಾತು. ಉದ್ಧರಣೆಯೊಳಗೆ ‘ಈ ಊರು’ ಎಂದಿದ್ದು ಅದು ಕೈವಾರವೆಂದು ನೀವು ತಿಳಿಸಬೇಕಾದರೆ ಕೈವಾರ ಚೌಕ ಕಂಸದೊಳಗೆ ಬರಲಿ. ದುಂಡು ಕಂಸ ಹಾಕಿದರೆ ಅದನ್ನು ರೈಸ್ ಅವರೇ ಬರೆದರೆಂದು ಓದುಗ ತಿಳಿಯುತ್ತಾನೆ. ನಡುವೆ ಮಾತು ಬಿಟ್ಟಾಗಲೂ ಅಷ್ಟೇ: ಅವರ ಚುಕ್ಕಿ ಕಲ್ಲು ಸವೆದದ್ದಕ್ಕೆ, ನಿಮ್ಮದು ನೀವು ಬಿಟ್ಟದ್ದಕ್ಕೆ. ನಿಮ್ಮ ಚುಕ್ಕಿಗಳನ್ನು ಚೌಕ ಕಂಸದೊಳಗಿಡಿ.