ಸೋಮುವಿನ ಮನೆಯ ಬಾಗಿಲಲ್ಲಿ

ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರ ‘ಹಜಾರ್ ಚುರಾಶಿರ್ ಮಾ’ (‘1084ರ ತಾಯಿ’, 1974) ಕಾದಂಬರಿಯ ಮಾತು ಬಂದರೆ ಸಾಕು, ಹೆತ್ತ ಕರುಳಿನ ಸಂಕಟದ ಮಾತು ಶುರುವಾಗುತ್ತದೆ. ಮಗನನ್ನು ಕಳೆದುಕೊಂಡ ಮೇಲೆ ಸಿರಿವಂತ ತಾಯಿಯೂ ಬಡ ತಾಯಿಯೂ ಒಂದೇ ಎಂದು ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ಈ ಓದನ್ನು ನಾನು ಒಪ್ಪಲಾರೆ. ಕಾದಂಬರಿಯೇ ಇದನ್ನು ಒಪ್ಪುವುದಿಲ್ಲ.

ನಕ್ಸಲೀಯ ಚಳವಳಿಗೆ ಸೇರಿದ ಬ್ರತಿ ಕೊಲೆಯಾಗಿ ಶವಾಗಾರದಲ್ಲಿ 1084ನೆಯ ಹೆಣವಾಗಿದ್ದಾನೆ. ಅಪ್ಪ ದಿವ್ಯನಾಥ ಮಗನ ಹೆಸರು ಪತ್ರಿಕೆಯಲ್ಲಿ ಬಾರದಂತೆ ಪ್ರಭಾವ ಬೀರಲು ಓಡುತ್ತಾನೆ. ಗುರುತು ಸಿಕ್ಕೀತೆಂದು ತನ್ನ ಕಾರನ್ನೂ ಶವಾಗಾರಕ್ಕೆ ಕಳಿಸುವುದಿಲ್ಲ. ಎರಡು ವರ್ಷ ಕಳೆದು, ಬ್ರತಿ ಹುಟ್ಟಿದ ಮತ್ತು ಸತ್ತ ತಾರೀಖಿನಂದೇ, ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಸಂಭ್ರಮ. ಸಿರಿವಂತರ ಬಡಾವಣೆಗಳಾದ ವಡೋದರದ ಅಲಕಾಪುರಿಯಲ್ಲಿರಲಿ, ಬೆಂಗಳೂರಿನ ಸದಾಶಿವನಗರದಲ್ಲಿರಲಿ, ಮರ್ಯಾದೆಗೆ ಅಂಜುವ ಇಂಥ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ತಾಯಿ ಸುಜಾತಾ, ಮಗನ ಜೊತೆಗೇ ಸತ್ತ ಸೋಮುವಿನ ಮನೆಗೆ ಹೋಗುತ್ತಾಳೆ. ಅಲ್ಲಿ ಬಾಯಿಬಿಟ್ಟು ಅಳಬಹುದು. ಆ ಅಳುವನ್ನು ನೆನಪಿಟ್ಟುಕೊಂಡವರು ಸೋಮುವಿನ ಸೋದರಿಯನ್ನು ಮರೆತುಬಿಡುತ್ತಾರೆ. ಮನೆಯ ಹೊರೆ ಹೊತ್ತ ಆ ಹುಡುಗಿಗೆ ಸುಜಾತಾ ಬರುವುದೇ ಹಿಡಿಸದು. ಹಿಡಿಸಲಾದರೂ ಯಾಕೆ? ಸುಜಾತಾ ಅತ್ತು ಬ್ಯಾಂಕಿನ ನೌಕರಿಗೆ, ದೊಡ್ಡ ಮನೆಗೆ ಮರಳುತ್ತಾಳೆ. ಸೋಮುವಿನ ಮನೆಯವರಾದರೋ ಅವನನ್ನು ಕೊಂದವರು ಓಡಾಡುವ ಓಣಿಯಲ್ಲೇ ಬಾಳಬೇಕು. ಇನ್ನು ಇಲ್ಲಿಗೆ ಬರುವಂತಿಲ್ಲ ಎಂದು ಸುಜಾತಾಳಿಗೂ ತಿಳಿಯುತ್ತದೆ. ದುಃಖ ಕೂಡ ವರ್ಗದ ಗೋಡೆಯನ್ನು ಕೆಡವಲಿಲ್ಲ ಎಂಬ ಈ ಕಠಿಣ ಸತ್ಯವೇ ಕಾದಂಬರಿಯ ಜೀವ. ಬ್ರತಿಯ ಗೆಳತಿ ನಂದಿನಿಯೂ ಸಮಾಧಾನ ಹೇಳುವುದಿಲ್ಲ; ಚಳವಳಿಯ ಒಳಗಿನವರೇ ಹಿಡಿದುಕೊಟ್ಟರೆಂಬ ಸಂಗತಿ ಹೇಳುತ್ತಾಳೆ. ಹಾಗಾಗಿ ಇದನ್ನು ಶೋಕಗೀತೆಯಂತೆ ಓದುವುದಕ್ಕಿಂತ ತಾಯಿಯೊಬ್ಬಳು ನಡೆಸುವ ತನಿಖೆಯಂತೆ ಓದಬೇಕು.

ಈ ಕಾದಂಬರಿಯನ್ನು ಆಧರಿಸಿದ ಗೋವಿಂದ ನಿಹಲಾನಿಯವರ 1998ರ ಸಿನಿಮಾ ಕೊನೆಗೆ ಅಪ್ಪನನ್ನೂ ಅಮ್ಮನನ್ನೂ ಒಂದುಗೂಡಿಸಿತು. ಸುಜಾತಾಳಾಗಿ ಜಯಾ ಬಚ್ಚನ್ ಅವರ ಅಭಿನಯ ಎಷ್ಟೇ ಘನವಾಗಿದ್ದರೂ, ಲೇಖಕಿ ಕೊಡದ ಸಾಂತ್ವನವನ್ನು ಹೀಗೆ ತಂದು ಸೇರಿಸಿದ್ದು ದೊಡ್ಡ ತಪ್ಪು.

ಸಿನಿಮಾ ಹೀಗೆ ಸಾಂತ್ವನ ಹುಡುಕಿದ ಅದೇ ವರ್ಷ ಲೇಖಕಿ ಮಾಡಿದ್ದೇನು? ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಪೊಲೀಸರು ಬಂಧಿಸಿದ್ದ ಶಬರ ಬುಡಕಟ್ಟಿನ ಬುಧನ್ ಶಬರ ಸೆರೆಯಲ್ಲಿ ಸತ್ತಾಗ ಕಲ್ಕತ್ತಾ ಹೈಕೋರ್ಟಿನಲ್ಲಿ ನಡೆದ ಹೋರಾಟಕ್ಕೆ ಬೆನ್ನಾಗಿ ನಿಂತರು. ನ್ಯಾಯಾಲಯ ಪರಿಹಾರಕ್ಕೂ ಸಿಬಿಐ ತನಿಖೆಗೂ ಆದೇಶಿಸಿತು. ಆಗ ವಡೋದರದಲ್ಲಿದ್ದ ವಿದ್ವಾಂಸ ಗಣೇಶ ದೇವಿಯವರೊಡನೆ ಸೇರಿ, ಬ್ರಿಟಿಷರು ಹುಟ್ಟು ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ್ದ ವಿಮುಕ್ತ ಬುಡಕಟ್ಟುಗಳ ಹಕ್ಕಿನ ಸಂಘಟನೆ ಕಟ್ಟಿದರು. ಅಹಮದಾಬಾದಿನ ಛಾರಾನಗರದ ಹುಡುಗರು ಬುಧನ್‌ನ ಸಾವನ್ನೇ ನಾಟಕವಾಗಿ ಆಡಿದರು. ಆಡಿದವರು ಸ್ವತಃ ಪೊಲೀಸರ ಲಾಠಿ ಬಲ್ಲ ಸಮುದಾಯದವರು.