ಸುಳ್ಳು ಸಂಖ್ಯೆಯ ಕ್ಯಾಸೆಟ್

ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಆಟದ ಯಂತ್ರಗಳ ಕಂಪನಿ ಅಟಾರಿ ಬಿದ್ದದ್ದು, ನಿಂಟೆಂಡೊ ಎದ್ದದ್ದು ಹಳೆಯ ಕತೆ. ಆದರೆ ತೊಂಬತ್ತರ ದಶಕದಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳ ಮನೆಗೆ ಬಂದದ್ದು ಅದರ ನಕಲು. ಹುಡುಗರ ಬಾಯಲ್ಲಿ ಅದು ‘ಟಿವಿ ಗೇಮ್’, ಅದಕ್ಕೆ ಸಿಕ್ಕಿಸುವುದು ‘ಕ್ಯಾಸೆಟ್’. ಕೆಲವರು ಅದನ್ನು ಕಳ್ಳಮಾಲು ಎಂದು ತಳ್ಳಿಹಾಕುತ್ತಾರೆ, ಉಳಿದವರು ಬಾಲ್ಯದ ನೆನಪೆಂದು ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರೂ ಆಟವನ್ನು ಸರಿಯಾಗಿ ನೋಡಿಲ್ಲ.

ಫ್ಯಾಮಿಕಾಮ್‌ನ 1985ರ ಆಟ ಸೂಪರ್ ಮಾರಿಯೊ ಬ್ರದರ್ಸ್ ಶುರುವಾಗುವ ಬಗೆಯನ್ನೇ ನೋಡಬೇಕು. ಎಡಕ್ಕೆ ಮಾರಿಯೊ, ಬಲಕ್ಕೆಲ್ಲ ಬಯಲು; ಎತ್ತ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ಎದುರಿಗೆ ಗೂಂಬಾ ಎಂಬ ಶತ್ರು ನಡೆದುಬರುತ್ತದೆ. ತಾಗಿದರೆ ಸಾವು, ಅದರ ತಲೆ ಮೇಲೆ ಜಿಗಿದರೆ ಅದೇ ಸಾಯುತ್ತದೆ. ಪ್ರಶ್ನೆಯ ಗುರುತಿರುವ ಇಟ್ಟಿಗೆಗೆ ಕೆಳಗಿನಿಂದ ಗುದ್ದಿದರೆ ಹೊರಬರುವ ಅಣಬೆ ಬಲಕ್ಕೆ ಜಾರಿ, ಕೊಳವೆಗೆ ಬಡಿದು, ಆಡುವವನ ಕಡೆಗೇ ಹೊರಳುತ್ತದೆ. ಹೆದರಿ ಹಾರಲು ಹೋದರೂ ಮೇಲಿನ ಇಟ್ಟಿಗೆಗಳು ಅಡ್ಡ. ಅಣಬೆ ಮೈಗೆ ತಾಗುತ್ತದೆ, ಮಾರಿಯೊ ದೊಡ್ಡವನಾಗುತ್ತಾನೆ, ಪಾಠ ಮುಗಿಯಿತು. ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಮಕ್ಕಳಿಗೆ ಇದನ್ನು ಕಲಿಯಲು ಇಂಗ್ಲಿಷಿನ ಒಂದಕ್ಷರವೂ ಬೇಕಿರಲಿಲ್ಲ. ಇಡೀ ಆಟ ಕೇವಲ 40 ಕಿಲೋಬೈಟ್. ಆಕಾಶದ ಮೋಡ, ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ದೊಡ್ಡ ದೋಷವೂ ಇದೆ. 32 ಹಂತಗಳ ಈ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಕಾದಿಡಲು ಬರುವುದಿಲ್ಲ. 1987ರಲ್ಲಿ ಅಮೆರಿಕದಲ್ಲಿ ಬಿಟ್ಟ ಜೆಲ್ಡಾ ಆಟದ ಕ್ಯಾಸೆಟ್ಟಿನೊಳಗೆ ನಿಂಟೆಂಡೊ ಇದಕ್ಕೆಂದೇ ಬ್ಯಾಟರಿ ಇಟ್ಟಿತ್ತು. ಮಾರಿಯೊಗೆ ಆ ಅನುಕೂಲವಿಲ್ಲ. ಕೊನೆಯ ಕೋಟೆಯ ಬಾಗಿಲಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಇಲ್ಲೇ ‘9999999 ಇನ್ 1’, ಅಂದರೆ ಒಂದರಲ್ಲೇ ಅಷ್ಟು ಆಟ, ಎಂದು ಬರೆದ ನಕಲಿ ಕ್ಯಾಸೆಟ್ ಕಂಡು ನಗುವವರ ಜೊತೆ ಜಗಳ ತೆಗೆಯಬೇಕಾಗುತ್ತದೆ. ಸಂಖ್ಯೆ ಶುದ್ಧ ಸುಳ್ಳು, ಕೊಂಡವರಿಗೆ ಮೋಸ. ಅದರಲ್ಲಿ ಎರಡು ಮಾತಿಲ್ಲ. ಒಳಗಿರುವ ಕೆಲವೇ ಆಟಗಳು ಪಟ್ಟಿಯುದ್ದಕ್ಕೂ ಹೆಸರು ಬದಲಿಸಿ ಬರುತ್ತವೆ. ಆದರೆ ಇಂಥ ಕ್ಯಾಸೆಟ್‌ಗಳಲ್ಲಿ ಅದೇ ಆಟ ಒಂದು ಸಾಲಿನಲ್ಲಿ ಮೊದಲ ಹಂತದಿಂದ, ಇನ್ನೊಂದರಲ್ಲಿ ಮುಂದಿನ ಹಂತದಿಂದ ಶುರುವಾಗುವುದೂ ಇತ್ತು. ಲೋಡ್‌ಶೆಡ್ಡಿಂಗ್ ಇರುವ ಊರಿನಲ್ಲಿ ಈ ಪುನರಾವರ್ತನೆಗೆ ಬೆಲೆಯಿದೆ. ಕರೆಂಟ್ ಬಂದ ಮೇಲೆ ಹುಡುಗ ಆ ಸಾಲನ್ನು ಹುಡುಕಿ ಆಟದ ನಡುವಿಗೇ ಇಳಿಯಬಹುದಿತ್ತು. ಮೂಲ ಕ್ಯಾಸೆಟ್ ಕೊಡದ ಸೌಕರ್ಯವನ್ನು ನಕಲು ಕೊಟ್ಟಿತು.

ನಿಂಟೆಂಡೊ 2003ರಲ್ಲಿ ಮೂಲ ಯಂತ್ರದ ತಯಾರಿಕೆ ನಿಲ್ಲಿಸಿತು. ನಕಲಿನ ಆಟಗಳನ್ನು ಬಹುಪಾಲು ಮೊಬೈಲ್ ನುಂಗಿತು, ಬಾತುಕೋಳಿ ಹೊಡೆಯುವ ಆಟದ ಗನ್ನನ್ನು ಮಾತ್ರ ಹೊಸ ಟಿವಿಯೇ ಕೊಂದಿತು. ಗನ್ನಿನ ಕುದುರೆ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಅದು ತಕ್ಕ ಹೊತ್ತಿಗೆ ಬರುತ್ತಿತ್ತು. ಚಪ್ಪಟೆ ಟಿವಿ ಅದನ್ನು ತಡವಾಗಿ ತೋರಿಸುವುದರಿಂದ ಗುರಿ ಎಷ್ಟು ನೇರವಿದ್ದರೂ ಹಕ್ಕಿ ಬೀಳುವುದಿಲ್ಲ.