‘ಅನಂತರ’ ಎಂಬ ಶಬ್ದದ ಅರ್ಥವಿಚಾರ

ಶಬ್ದಾರ್ಥವಿಚಾರವು ಕಾವ್ಯಕ್ಕೆ ಮಾತ್ರ ಸೇರಿದ ವಿದ್ಯೆಯೆಂದು ಭಾವಿಸುವವರುಂಟು. ಒಂದು ಅವ್ಯಯದ ಅರ್ಥನಿರ್ಣಯದ ಮೇಲೆ ತಾಯಿಯ ಅಧಿಕಾರವೂ ಶಿಶುವಿನ ಯೋಗಕ್ಷೇಮವೂ ನಿಲ್ಲಬಹುದೆಂಬುದಕ್ಕೆ, ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1999ನೆಯ ಇಸವಿ ಫೆಬ್ರವರಿ 17ರಂದು ಕೊಟ್ಟ ತೀರ್ಪೇ ನಿದರ್ಶನ.

ಅರ್ಜಿದಾರರು ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ರಚಿಸಿ ಪ್ರಸಿದ್ಧರಾದ ಲೇಖಕಿ. ಎಳೆಯ ಮಗನ ಹೆಸರಿನಲ್ಲಿ ಶೇಕಡಾ 9ರ ಬಡ್ಡಿಯ ಸಾಲಪತ್ರಗಳನ್ನು ಕೊಳ್ಳಬೇಕೆಂದು ಪತಿಯ ಸಮ್ಮತಿಯಿಂದಲೇ ಅವರು ಪಾಲಕಿಯಾಗಿ ರುಜು ಮಾಡಿದರು. ರಿಜರ್ವ್ ಬ್ಯಾಂಕು ಅದನ್ನು ಒಪ್ಪದೆ, ತಂದೆಯ ರುಜುವನ್ನಾದರೂ ಪಾಲಕತ್ವದ ಅರ್ಹತಾಪತ್ರವನ್ನಾದರೂ ತರಬೇಕೆಂದಿತು. ಇದರೊಡನೆ ವಿಚಾರಣೆಗೆ ಬಂದ ವಂದನಾ ಶಿವಾ ಅವರ ಅರ್ಜಿಯ ಹಿನ್ನೆಲೆ ಬೇರೆ. ಅಲ್ಲಿ ವಿಚ್ಛೇದನದ ವ್ಯಾಜ್ಯ ನಡೆಯುತ್ತಿದ್ದು, ಮಗನ ಸ್ವಾಭಾವಿಕ ಪಾಲಕನು ತಾನೇ ಎಂಬುದು ತಂದೆಯ ವಾದವಾಗಿತ್ತು. ಒಂದು ಮನೆಯಲ್ಲಿ ಸೌಮನಸ್ಯ, ಇನ್ನೊಂದರಲ್ಲಿ ವಿರಸ. ಆದರೂ ಎರಡು ಕಡೆಯೂ ಅಡ್ಡಬಂದುದು ಒಂದೇ ಶಬ್ದ. ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ 1956ರ ಕಾಯಿದೆಯ 6ನೆಯ ಪ್ರಕರಣವು, ಸ್ವಾಭಾವಿಕ ಪಾಲಕನು ತಂದೆ, ಅವನ ಅನಂತರ ತಾಯಿ ಎಂದು ವಿಧಿಸಿತ್ತು.

‘ಅನಂತರ’ ಎಂದರೆ ತಂದೆಯ ಮರಣಾನಂತರವೆಂಬುದೇ ವಾಚ್ಯಾರ್ಥವೆಂದು ಬಹುಕಾಲ ತಿಳಿದಿದ್ದರು. ನ್ಯಾಯಾಲಯವು ಅದನ್ನು ಬಿಟ್ಟು, ‘ಅವನ ಅನುಪಸ್ಥಿತಿಯಲ್ಲಿ’ ಎಂಬ ಅರ್ಥವನ್ನು ಹಿಡಿಯಿತು. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಶುದ್ಧವಾದ ಲಕ್ಷಣೆಯೆಂದು ತೋರದಿರದು. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದರೆ ಹಳ್ಳಿಯು ಪ್ರವಾಹದ ಮೇಲೆ ನಿಲ್ಲಲಾರದು. ಆದುದರಿಂದ ತೀರವೆಂಬ ಅರ್ಥವನ್ನು ಗ್ರಹಿಸುತ್ತೇವೆ. ಲಕ್ಷಣೆಗೆ ಮುಖ್ಯಾರ್ಥಬಾಧ, ಸಂಬಂಧ, ಪ್ರಯೋಜನ ಎಂಬ ಮೂರು ಬೇಕು. ಇಲ್ಲಿ ವಾಚ್ಯಾರ್ಥವು ಸಂವಿಧಾನದ 14 ಮತ್ತು 15ನೆಯ ವಿಧಿಗಳು ಸಾರುವ ಸಮಾನತೆಯೊಡನೆ ಕಲಹಿಸುವುದರಿಂದ ಬಾಧವಿದೆ. ಮರಣವೂ ಅನುಪಸ್ಥಿತಿಯ ಒಂದು ಬಗೆಯಾದುದರಿಂದ ಸಂಬಂಧವಿದೆ. ತಂದೆಯು ಜೀವಿಸಿರುವಾಗಲೂ ಮಗುವಿಗೆ ತಾಯಿಯ ರಕ್ಷಣೆ ದೊರೆಯುವುದೇ ಪ್ರಯೋಜನ. ಇದಕ್ಕೆ ಪೂರ್ವೋದಾಹರಣೆಯೂ ಇತ್ತು: ದಂಪತಿಗಳು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೇರೆಯಾಗಿದ್ದ ಒಂದು ಪ್ರಸಂಗದಲ್ಲಿ, ಮಗಳ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ತಾಯಿಯನ್ನೇ ಸ್ವಾಭಾವಿಕ ಪಾಲಕಿಯೆಂದು ಅದೇ ನ್ಯಾಯಾಲಯವು 1970ರಲ್ಲಿ ಮನ್ನಿಸಿತ್ತು.

ಇಷ್ಟರ ಮಟ್ಟಿಗೆ ತೀರ್ಪು ಸ್ತುತ್ಯ. ಆದರೆ ಲಕ್ಷಣೆಯು ಅರ್ಥವನ್ನು ಸರಿಸಬಲ್ಲುದೇ ಹೊರತು ವಾಕ್ಯದ ಕ್ರಮವನ್ನು ಅಳಿಸಲಾರದು. ಅನುಪಸ್ಥಿತಿಯೆಂಬುದರಲ್ಲಿ ತಂದೆಯ ಔದಾಸೀನ್ಯ, ಅಸೌಖ್ಯ, ದೂರವಾಸಗಳೂ, ಪರಸ್ಪರ ಒಪ್ಪಂದದಿಂದ ತಾಯಿಯೊಬ್ಬಳಿಗೇ ಹೊಣೆ ವಹಿಸಿದುದೂ ಸೇರುವುವು. ಇದರ ಫಲವೇನು? ಅನ್ಯೋನ್ಯವಾಗಿರುವ ಮನೆಯಲ್ಲಿ, ಪಡಸಾಲೆಯಲ್ಲೇ ಕುಳಿತಿರುವ ತಂದೆಯು ವ್ಯಾಖ್ಯಾನಬಲದಿಂದ ಇಲ್ಲದವನಾಗುತ್ತಾನೆ! ಒಡೆದ ಮನೆಯಲ್ಲಿಯಾದರೋ, ತಾಯಿಯು ಪಾಲಕಿಯಾಗಬೇಕಾದರೆ ಮೊದಲು ತಂದೆಯ ದೋಷವನ್ನು ಸಾಧಿಸಬೇಕು. ಆರುತ್ತಿರುವ ವೈರಕ್ಕೆ ಇದು ತುಪ್ಪವೆರೆದಂತೆ. ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕೆಂದು ಅದೇ ಪ್ರಕರಣವು ಹೇಳುತ್ತದೆ. ಹೀಗಿರಲು ಎತ್ತಿಕೊಳ್ಳುವ ಕೈ ಒಂದು, ರುಜು ಹಾಕುವ ಕೈ ಇನ್ನೊಂದು ಎಂಬ ವೈಚಿತ್ರ್ಯ ಉಳಿಯಿತು.

ಮಗುವಿನ ಕ್ಷೇಮವೇ ಸರ್ವೋಪರಿಯೆಂದು ಕಾಯಿದೆಯ 13ನೆಯ ಪ್ರಕರಣವು ಸಾರುತ್ತದೆ. ಮಕ್ಕಳು ತಾಯಿತಂದೆಗಳ ಸೊತ್ತೂ ಅಲ್ಲ, ಆಟದ ಗೊಂಬೆಗಳೂ ಅಲ್ಲವೆಂಬ ಭಾವವನ್ನು ಸುಪ್ರೀಮ್ ಕೋರ್ಟು 1973ರಲ್ಲಿ ರೋಸಿ ಜೇಕಬ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಮಗುವು ಯಾರ ಬಳಿಯಲ್ಲಿರಬೇಕೆಂಬ ಆಜ್ಞೆಯನ್ನು ಅದರ ಹಿತಕ್ಕನುಗುಣವಾಗಿ ಮುಂದೆ ಬದಲಿಸಬಹುದೆಂದೂ ಹೇಳಿತು. ಈ ದೃಷ್ಟಿಯಿಂದ ನೋಡಿದರೆ, ಯಾರು ಮೊದಲು ಎಂಬ ಪ್ರಶ್ನೆಯೇ ಮಗುವಿನದಲ್ಲ. ಅದು ಹಿರಿಯರ ಗೌರವದ ಪ್ರಶ್ನೆ. ರಕ್ಷಿಸು ಎಂಬ ಅರ್ಥದ ಧಾತುವಿನಿಂದ ಪಿತೃಶಬ್ದವನ್ನು ಸಾಧಿಸುವ ಪಂಡಿತರಿಗೆ ತಂದೆತನವು ಹಕ್ಕಲ್ಲ, ಕೆಲಸ. ಗಂಡಹೆಂಡಿರು ಅಗಲಿದರೆ ದಾಂಪತ್ಯವು ಮುಗಿಯಬಹುದು. ಆ ಕೆಲಸವು ಮುಗಿಯದು.

ಕಾನೂನು ಆಯೋಗವು 2015ರಲ್ಲಿ ಸಲ್ಲಿಸಿದ 257ನೆಯ ವರದಿಯಲ್ಲಿ, ತಾಯಿತಂದೆಗಳಿಬ್ಬರನ್ನೂ ಏಕಕಾಲದಲ್ಲಿ ಪಾಲಕರೆಂದು ಎಣಿಸಬೇಕೆಂದೂ, ತಕ್ಕ ಪ್ರಸಂಗಗಳಲ್ಲಿ ಜಂಟಿಪಾಲನೆಗೆ ಅವಕಾಶವಿರಬೇಕೆಂದೂ ಸಲಹೆಮಾಡಿತು. ವಿವೇಕದ ಮಾತು ಇದೇ. ವ್ಯಾಖ್ಯಾನದಿಂದ ‘ಅನಂತರ’ವನ್ನು ಎಷ್ಟು ಹಿಗ್ಗಿಸಿದರೂ ಅದು ಸಮುಚ್ಚಯವಾಗಲಾರದು. ದ್ವಂದ್ವಸಮಾಸದಲ್ಲಿ ಹೆಚ್ಚು ಪೂಜ್ಯವಾದುದು ಮೊದಲು ಬರಬೇಕೆಂದು ವಿಧಿಸಿದ ವೈಯಾಕರಣರು ‘ಮಾತಾಪಿತರೌ’ ಎಂಬುದನ್ನೇ ಉದಾಹರಿಸಿದರು. ಶಾಸನಕರ್ತರು ಅಷ್ಟು ದೂರ ಹೋಗಬೇಕಾಗಿಲ್ಲ. ‘ತಂದೆಯ ಅನಂತರ ತಾಯಿ’ ಎಂಬುದನ್ನು ತೆಗೆದು ‘ತಾಯಿಯೂ ತಂದೆಯೂ’ ಎಂದು ಬರೆದರೆ ಸಾಕು. ಲಕ್ಷಣೆಯ ಶ್ರಮವೇ ಬೇಕಾಗದು.